ಓಬಳೆಪ್ಪ ವೈದ್ಯರು ಹೇಳಿದ ಕಿಚ್ಚು

ಬೇವೂರಿನ ವಿರೂಪಾಕ್ಷಪ್ಪನಿಗೆ ಅವರಪ್ಪ ಇಟ್ಟದ್ದು ದೇವರ ಹೆಸರೇ. ಆದರೆ ಆ ಹೆಸರಿನ ಮೊದಲರ್ಧ ಮಾತ್ರ ಅವನ ಮೈಗೆ ಹತ್ತಿದೆ ಎಂದು ಊರವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅವನ ದಾಯಾದಿ ತಮ್ಮ ಅಂದಪ್ಪನಿಗೂ ಹೆಸರಿನ ಮೊದಲರ್ಧವೇ ಹತ್ತಿತ್ತು, ಹತ್ತಿದ್ದು ಒಳ್ಳೆಯದಾಗಿತ್ತು. ಇಂಥ ಮಾತಾಡುವವರ ನಾಲಿಗೆಗೆ ಬರೆ ಎಳೆಯಬೇಕು ಎಂದು ವಿರೂಪಾಕ್ಷಪ್ಪನ ಹೆಂಡತಿ ಕಳಕಮ್ಮ ಹಲ್ಲು ಕಡಿಯುತ್ತಿದ್ದಳು. ಹಲ್ಲು ಕಡಿಯುತ್ತ ಮನೆಗೆ ಬಂದರೆ ಪಡಸಾಲೆಯಲ್ಲಿ ಗಂಡ ಮಧ್ಯಾಹ್ನದ ನಿದ್ದೆ ಹೊಡೆಯುತ್ತ ಬಿದ್ದಿರುತ್ತಿದ್ದ. ಗೊರಕೆಗೆ ತಕ್ಕಂತೆ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಆಗ ಅವಳ ಸಿಟ್ಟು ಊರನ್ನು ಬಿಟ್ಟು ಅವನ ಮೇಲೆ ತಿರುಗುತ್ತಿತ್ತು.

ಅದು ಎರಡನೆಯ ಮಹಾಯುದ್ಧದ ಕಾಲ. ನಿಜಾಮ ಸರ್ಕಾರದವರು ಲೆವಿ ಎಂದು ಕಣಕ್ಕೇ ಬಂದು ಜೋಳ ಅಳೆದು ಒಯ್ಯುತ್ತಿದ್ದರು. ಊರಿಗೆ ಊರೇ ನುಚ್ಚು ಕುಡಿದು ಪಕ್ಕೆಲುಬು ತೋರಿಸಿಕೊಂಡು ತಿರುಗುತ್ತಿದ್ದಾಗ ವಿರೂಪಾಕ್ಷಪ್ಪನೊಬ್ಬ ಊದುತ್ತಿದ್ದ. ಮನೆಯಲ್ಲಿ ಶೇಂಗಾ ಎಣ್ಣೆಯ ಗಾಣವಿತ್ತು, ಎರೆ ಹೊಲವಿತ್ತು, ಇವೆರಡಕ್ಕೂ ಮೈ ಬಗ್ಗಿಸುವ ಆಳುಗಳಿದ್ದರು. "ಲೆವಿ ಜ್ವಾಳ ಎಲ್ಲಿ ಹೋತು ಅಂತ ಹೈದರಾಬಾದಿನ್ಯಾಗ ಯಾಕ ಹುಡುಕ್ತೀರಿ, ವಿರೂಪಾಕ್ಷಪ್ಪನ ಹೊಟ್ಟ್ಯಾಗ ನೋಡ್ರಿ" ಎಂದು ಚಾವಡಿಯಲ್ಲಿ ಯಾರೋ ಅಂದದ್ದು ಮನೆಯ ತನಕ ಬಂದಿತ್ತು.

ಇದನ್ನೆಲ್ಲ ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವನ ಜೀವ ಇದ್ದದ್ದು ದೊಡ್ಡಾಟದ ರಾಜನ ಪಾರ್ಟಿನಲ್ಲಿ. ಸುಗ್ಗಿ ಮುಗಿದ ಮೇಲೆ ಊರವರು ಆಡುವ ಆಟದಲ್ಲಿ, ಮೀಸೆ ಮೂಡಿದಾಗಿನಿಂದ ಅವನೇ ರಾಜ. ರಾಜನಿಗೆಂದು ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಕೆತ್ತಿ, ಬಂಗಾರದ ಬಣ್ಣ ಬಳಿದು, ಕನ್ನಡಿಯ ಚೂರು ಕೂರಿಸಿಕೊಟ್ಟ ಎದೆಕಟ್ಟು ಒಂದಿತ್ತು. ಕೊರಳಿನಿಂದ ಹೊಕ್ಕುಳಿನ ತನಕ ಬರುವಂಥದು, ಬೆನ್ನ ಹಿಂದೆ ಚರ್ಮದ ಪಟ್ಟಿ ಬಿಗಿಯುವಂಥದು. ಕಳಕಮ್ಮ ಅವನನ್ನು ಮೊದಲು ನೋಡಿದ್ದೇ ಆ ಎದೆಕಟ್ಟಿನಲ್ಲಿ. ತವರೂರಿನಲ್ಲಿ ಆಟವಾಡಲು ಬಂದ ಆ ರಾಜ ಒಮ್ಮೆ ಹೂಂಕರಿಸಿ ತಿರುಗಿದಾಗ ಕನ್ನಡಿಗಳೆಲ್ಲ ಮಿಂಚಿದ್ದವು, ಅವಳು ಅಲ್ಲೇ ಸೋತಿದ್ದಳು. ಆಮೇಲೆ ಸಂಬಂಧ ಕೇಳಿಕೊಂಡು ಬಂದಾಗ ಒಲ್ಲೆ ಎನ್ನಲಿಲ್ಲ. ರಾಜ ಮನೆಗೆ ಬಂದು ಎಣ್ಣೆಗಡುಬು ತಿಂದು ಹೀಗೆ ಹರಡಿಕೊಳ್ಳುತ್ತಾನೆಂದು ಅವಳಿಗೇನು ಗೊತ್ತು.

ಹಿಂದಿನ ಆಟದಲ್ಲಿ ಪಟ್ಟಿಯ ಎರಡು ತುದಿ ಬೆನ್ನಿನಲ್ಲಿ ಕೂಡಲೇ ಇಲ್ಲ. ನಡುವೆ ಹಗ್ಗ ಜೋಡಿಸಿ ಕಟ್ಟಿದರು. ರಾಜ ಕುಣಿದು ಮಂಡಿ ಊರಿದಾಗ ಹಗ್ಗ ಹರಿದು ಎದೆಕಟ್ಟು ಮುಂದಕ್ಕೆ ಬಿತ್ತು, ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಟ ಕಲಿಸುವ ದಾದೇಸಾಬ ಮಾಸ್ತರರು ನಗಲಿಲ್ಲ. ಮರುದಿನ ಮನೆಗೇ ಬಂದು ಹೇಳಿದರು.

"ಎದಿಕಟ್ಟು ರಾಜಂದು, ವಿರೂಪಾಕ್ಷಪ್ಪಂದಲ್ಲ. ಅದನ್ನ ಒಡದು ಹಿಗ್ಗಸಾಕ ನಾ ಒಪ್ಪೂದಿಲ್ಲ. ಮುಂದಿನ ಸುಗ್ಗಿಗೆ ಪಟ್ಟಿ ಕೂಡಿದ್ರ ಪಾರ್ಟು ನಿಮ್ಮದು. ಕೂಡಲಿಲ್ಲಂದ್ರ ಅಂದಪ್ಪಗ ಕಟ್ಟತೀನಿ. ಸಿಟ್ಟಾಗಬ್ಯಾಡ್ರಿ."

ಮಾಸ್ತರರು ಹೋದ ಮೇಲೆ ವಿರೂಪಾಕ್ಷಪ್ಪ ಗೋಡೆ ನೋಡುತ್ತ ಕೂತ. ಈ ಮನುಷ್ಯನಿಂದ ಪಾರ್ಟು ಕಿತ್ತುಕೊಂಡರೆ ಉಳಿಯುವುದು ಬರೀ ಮಾಂಸ ಎಂದು ಕಳಕಮ್ಮನಿಗೆ ದಿಗಿಲಾಯಿತು. ಅವಳಿಗೆ ತನ್ನ ರಾಜ ತಿರುಗಿ ಬೇಕಾಗಿತ್ತು. ಹಟ ಹಿಡಿದು ಚಕ್ಕಡಿ ಹೂಡಿಸಿ, ಗಂಡನನ್ನು ಯಲಬುರ್ಗಿಗೆ ಓಬಳೆಪ್ಪ ವೈದ್ಯರ ಹತ್ತಿರ ಕರೆದುಕೊಂಡು ಹೋದಳು.

ಓಬಳೆಪ್ಪ ವೈದ್ಯರದು ಒಂದು ರೂಢಿ. ನಾಡಿ ಹಿಡಿದು, ಕಣ್ಣು ಮುಚ್ಚಿ, ಮೊದಲು ಸಂಸ್ಕೃತ ಗುನುಗುವುದು. ಆಮೇಲೆ ಅದನ್ನೇ ಒಕ್ಕಲಿಗರಿಗೆ ತಿಳಿಯುವ ಮಾತಿಗೆ ಇಳಿಸುವುದು. ಕಳಕಮ್ಮ ಬಾಗಿಲಾಚೆ ಸೆರಗು ಹೊದ್ದು ನಿಂತಿದ್ದಳು. ಅಂಗಳದಲ್ಲಿ ಯಾರೋ ಬೇರು ಕುಟ್ಟುತ್ತಿದ್ದ ಸದ್ದಿಗೆ ಸಂಸ್ಕೃತ ಕೇಳಿಸಲಿಲ್ಲ. ಕೇಳಿಸಿದ್ದರೂ ಉಪಯೋಗವಿರಲಿಲ್ಲ. ಕನ್ನಡ ಮಾತ್ರ ಸ್ಪಷ್ಟವಾಗಿ ಕಿವಿಗೆ ಬಿತ್ತು.

"ನಿಮಗ ಹೊಟ್ಟಿಕಿಚ್ಚು ಕಡಿಮಿ ಐತಿ ವಿರೂಪಾಕ್ಷಪ್ಪ. ತಿಂದದ್ದು ಉರದು ಹೋಗೂದಿಲ್ಲ, ಕೊಬ್ಬಾಗಿ ಕುಂದ್ರತೈತಿ. ಆ ಕಿಚ್ಚು ಹೆಚ್ಚು ಮಾಡಬೇಕು. ಅದು ಹತ್ತಿತಂದ್ರ ಮೈ ತಾನ ಕರಗತೈತಿ. ನಿಮ್ಮ ತಮ್ಮ ಅಂದಪ್ಪ ಅದಾನಲ್ಲ, ನಿಮ್ಮಷ್ಟ ಉಣ್ತಾನ, ಒಂದ ಬೆರಳ ದಪ್ಪ ಆಗೂದಿಲ್ಲ. ಯಾಕಂದ್ರ ಅಂವನ ಹೊಟ್ಟಿಕಿಚ್ಚು ಅಂಥಾದ್ದು."

ವೈದ್ಯರು ಹೇಳಿದ್ದು ಅನ್ನ ಅರಗಿಸುವ ಜಠರದ ಬೆಂಕಿಯನ್ನು. ಕಳಕಮ್ಮ ಕೇಳಿಸಿಕೊಂಡದ್ದು ಮಂದಿ ಒಬ್ಬರನ್ನು ನೋಡಿ ಒಬ್ಬರು ಪಡುವ ಹೊಟ್ಟೆಕಿಚ್ಚನ್ನು. ಅವಳನ್ನು ದಡ್ಡಿ ಎನ್ನುವವರು ಸ್ವಲ್ಪ ತಡೆಯಬೇಕು. ರಾಜನ ಪಾರ್ಟು ನೋಡಿ ಅಂದಪ್ಪ ಹೊಟ್ಟೆ ಉರಿದುಕೊಳ್ಳುತ್ತಾನೆಂದು ಅವಳ ಗಂಡ ವರ್ಷಗಟ್ಟಲೆ ಹೇಳುತ್ತ ಬಂದಿದ್ದ, ಅವಳೂ ನಂಬಿದ್ದಳು. ಅಂದಪ್ಪ ಸಣಕಲ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಚಕ್ಕಡಿಯಲ್ಲಿ ಕೂತು ಅವಳು ಊರಿನ ಹೊಟ್ಟೆಕಿಚ್ಚಿನವರನ್ನೆಲ್ಲ ನೆನೆದಳು. ಪಕ್ಕೀರವ್ವ ಒಣಗಿದ ತೊಗರಿ ಕಟ್ಟಿಗೆ. ಪೊಲೀಸ್ ಪಟೇಲನ ಮಗ ಬರೀ ಗಂಟಲಮಣಿ. ಮೈ ತುಂಬಿಕೊಂಡವರಲ್ಲಿ ಹೊಟ್ಟೆಕಿಚ್ಚಿನವರು ಒಬ್ಬರೂ ಸಿಗಲಿಲ್ಲ. ವೈದ್ಯರ ವಿದ್ಯೆ ದೊಡ್ಡದು ಎಂದು ಕೈ ಮುಗಿದಳು.

ವೈದ್ಯರು ಮದ್ದೂ ಕೊಟ್ಟಿದ್ದರು. ಶುಂಠಿ, ಹಿಪ್ಪಲಿ, ಮೆಣಸು ಕುಟ್ಟಿದ ಪುಡಿ. ಬಿಸಿನೀರಿನಲ್ಲಿ ಬೆಳಿಗ್ಗೆ ಕುಡಿಯಬೇಕು, ಹುರುಳಿ ಕಟ್ಟು ಉಣ್ಣಬೇಕು, ಹಸಿಯದೆ ಬಾಯಿಗೆ ಏನೂ ಹಾಕಬಾರದು, ಹಗಲು ಮಲಗಬಾರದು, ಹೊಲಕ್ಕೆ ನಡೆದೇ ಹೋಗಬೇಕು. ವಿರೂಪಾಕ್ಷಪ್ಪ ಎರಡು ದಿನ ಪುಡಿ ಕುಡಿದು, ಬಾಯಿ ಸುಟ್ಟಿತೆಂದು ಮೂರನೆಯ ದಿನ ಅದನ್ನು ತಿಪ್ಪೆಗೆ ಚೆಲ್ಲಿದ. ಅಂದು ಮಧ್ಯಾಹ್ನ ಎಂದಿಗಿಂತ ಗಟ್ಟಿಯಾಗಿ ಗೊರಕೆ ಹೊಡೆದ.

ಪುಡಿ ಹೋದರೆ ಹೋಗಲಿ, ಕಿಚ್ಚು ಹೊತ್ತಿಸುವುದು ತನ್ನ ಕೈಯಲ್ಲಿದೆ ಎಂದುಕೊಂಡಳು ಕಳಕಮ್ಮ. ಗಂಡನಿಗೆ ಬಾಯಿ ಬಿಡಲಿಲ್ಲ. ಹೇಳಿ ಪಡಿಸುವ ಹೊಟ್ಟೆಕಿಚ್ಚು ಎಲ್ಲಿಯಾದರೂ ಉಂಟೆ?

ಆ ರಾತ್ರಿ ಊಟಕ್ಕೆ ಬಡಿಸುತ್ತ ಸುಮ್ಮನೆ ಅಂದಳು. "ಅಂದಪ್ಪ ಇವತ್ತ ಬಾವಿ ಕಟ್ಟಿ ಮ್ಯಾಲಿಂದ ಜಿಗಿದ ನೋಡ್ರಿ. ನೆಲಕ್ಕ ಸಪ್ಪಳ ಸೈತ ಆಗಲಿಲ್ಲ."

"ಕಾಲು ಮುರಕೊಳ್ಳಿಲ್ಲೇನು?"

"ಅಂವ ಯಾಕ ಮುರಕೋತಾನ್ರಿ. ಮೈ ಹೂವಾದಂಗ ಐತಿ."

ವಿರೂಪಾಕ್ಷಪ್ಪ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟು ಎದ್ದ. ಉಳಿದ ಅರ್ಧ ರೊಟ್ಟಿಯನ್ನು ಎಮ್ಮೆಗೆ ಹಾಕುವಾಗ ಕಳಕಮ್ಮನಿಗೆ ಕುಣಿಯಬೇಕೆನ್ನಿಸಿತು. ಇಷ್ಟು ಬೇಗ ಹತ್ತುವ ಮದ್ದು ಅವಳು ಕಂಡಿರಲಿಲ್ಲ.

ಅಂದಿನಿಂದ ಊಟಕ್ಕೊಂದು ಅಂದಪ್ಪ ಎಂದಾಯಿತು. ಅಂದಪ್ಪ ಹೂಡಿದ ಸಾಲು ಗೀರಿದಂತೆ ನೆಟ್ಟಗಿತ್ತು. ಅಂದಪ್ಪ ಎತ್ತಿಗೆ ಒಂದೇಟು ಹೊಡೆಯದೆ ಚಕ್ಕಡಿ ಏರಿಸಿದ. ಅಂದಪ್ಪನ ದನಿ ಗುಡಿಯ ಮುಂದೆ ಹಾಡಿದರೆ ಬಾವಿಯ ತನಕ ಕೇಳುತ್ತದೆ. ಮೊದಮೊದಲು ಇದರಲ್ಲಿ ಅರ್ಧ ಸುಳ್ಳಿತ್ತು. ಆದರೆ ವಿರೂಪಾಕ್ಷಪ್ಪ ಮರುದಿನವೇ ಹೊರಗೆ ಹೋಗಿ ವಿಚಾರಿಸಿ ಸುಳ್ಳನ್ನು ಹಿಡಿದುಬಿಡುತ್ತಿದ್ದ, ಹಿಡಿದ ದಿನ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಹೀಗಾಗಿ ಅವಳಿಗೆ ಖರೆಯದೇ ಬೇಕಾಯಿತು. ಖರೆಯದು ಬೇಕೆಂದರೆ ನೋಡಬೇಕು. ಅಂದಪ್ಪನ ಮನೆ ಊರು ಹೊಗುವ ಊರಬಾಯಿಯಲ್ಲಿ, ಯಲಬುರ್ಗಿಯ ದಾರಿಗೆ ಮುಖ ಮಾಡಿಕೊಂಡು ಇತ್ತು. ಕಳಕಮ್ಮ ನೀರಿಗೆ ಆ ಕಡೆಯ ಬಾವಿಗೇ ಹೋಗತೊಡಗಿದಳು. ಅವನು ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುವುದನ್ನು ನೋಡಿದಳು. ಎಡಗೈ ಮಣಿಕಟ್ಟಿನ ಮೇಲೆ ಕುಡುಗೋಲು ತಾಗಿದ ಹಳೆಯ ಗುರುತನ್ನು ನೋಡಿದಳು. ಅಂದು ಊಟದಲ್ಲಿ ಆ ಗುರುತನ್ನೂ ಬಡಿಸಿದಳು.

"ಗಾಯದ ಗುರ್ತು ಸೈತ ಅಂವಗ ಒಪ್ಪತೈತಿ ನೋಡ್ರಿ."

ವಿರೂಪಾಕ್ಷಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಆ ನೋಟಕ್ಕೆ ಅವಳು ಹೆದರಬೇಕಾಗಿತ್ತು. ಬದಲಿಗೆ ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ನೋಡಿದಳು.

ಮದ್ದು ಕೆಲಸ ಮಾಡಿತು, ಮಾಡಬಾರದ್ದನ್ನೂ ಮಾಡಿತು. ವಿರೂಪಾಕ್ಷಪ್ಪ ಹಗಲು ಮಲಗುವುದನ್ನು ಬಿಟ್ಟ, ಕಣ್ಣು ಮುಚ್ಚಿದರೆ ಅಂದಪ್ಪ ಬಾವಿಕಟ್ಟೆಯಿಂದ ಜಿಗಿಯುತ್ತಿದ್ದ. ಬೆಳಕು ಹರಿಯುವ ಮುಂಚೆ ಎದ್ದು ಹೊಲಕ್ಕೆ ದಾಪುಗಾಲು ಹಾಕುತ್ತಿದ್ದ. ಇಬ್ಬರ ಹೊಲದ ನಡುವಿನ ಬದುವನ್ನು ಆಳುಗಳಿಗೆ ಬಿಡದೆ ತಾನೇ ಗುದ್ದಲಿ ಹಿಡಿದು ಅಗೆದು, ಅಂದಪ್ಪನ ಕಡೆಗೆ ಒತ್ತಿದ. ಅವನ ಚಕ್ಕಡಿ ಹಾಯುವ ದಾರಿಗೆ ಜಾಲಿಮುಳ್ಳು ಬಡಿದ. ಅವನ ಎತ್ತು ಹೊಲಕ್ಕೆ ಬಂತೆಂದು ಬಾರುಕೋಲಿನಿಂದ ಬಾಸುಂಡೆ ಬರುವಂತೆ ಹೊಡೆದ. ಹಳೆಯ ಅಂಗಿಯ ಗುಂಡಿಗಳು ಕೂಡತೊಡಗಿದವು, ಕೆನ್ನೆಯ ಮೂಳೆ ಎದ್ದು ಕಂಡಿತು. ಎಷ್ಟೋ ವರ್ಷದ ಮೇಲೆ ಅವನಿಗೊಂದು ಕೊರಳಿದೆ ಎಂದು ಊರಿಗೆ ತಿಳಿಯಿತು.

ಒಂದು ದಿನ ಅಂದಪ್ಪ ಬಾವಿಯ ಹತ್ತಿರ ಅವಳನ್ನು ನಿಲ್ಲಿಸಿದ. ಕೈಯಲ್ಲಿ ಹೊಡೆತ ತಿಂದ ಎತ್ತಿನ ಹಗ್ಗವಿತ್ತು.

"ಅತ್ತಿಗಿ, ಅಣ್ಣ ಯಾಕ ಹಿಂಗ ಮೈಮ್ಯಾಲ ಬರತಾನ? ರಾಜನ ಪಾರ್ಟು ನಾ ಎಂದೂ ಕೇಳಿಲ್ಲ. ಮಾಸ್ತರ ಕೊಟ್ರೂ ಬ್ಯಾಡ ಅಂತೀನಿ. ಇಷ್ಟ ಅಂವಗ ಹೇಳ್ರಿ. ಬಾಯಿಲ್ಲದ ಎತ್ತಿಗೆ ಯಾಕ ಹೊಡೀಬೇಕು."

ಕಳಕಮ್ಮ ಆ ಬಾಸುಂಡೆ ನೋಡಿದಳು, ಅದರ ಮೇಲೆ ಅರಿಸಿನ ಒತ್ತುತ್ತಿದ್ದ ಕೈ ನೋಡಿದಳು. ಇವನಿಗೆ ಹೊಟ್ಟೆಕಿಚ್ಚೇ ಇಲ್ಲವಲ್ಲ ಎಂದು ಮೊದಲ ಸಲ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಯೇ ಅದುಮಿದಳು. ಈ ಮಾತು ಗಂಡನಿಗೆ ಮುಟ್ಟಿದರೆ ಮದ್ದು ಕೆಡುತ್ತದೆ, ಪಟ್ಟಿ ಕೂಡಲು ಅವಳ ಅಂದಾಜಿಗೆ ಇನ್ನು ನಾಲ್ಕು ಬೆರಳಷ್ಟೇ ಬಾಕಿ. ಹೇಳುತ್ತೇನೆಂದು ಹೇಳಿ ಕೊಡ ಎತ್ತಿಕೊಂಡು ಬಂದಳು. ಅಂದು ಊಟದಲ್ಲಿ ಅಂದಪ್ಪನ ಮಾತೇ ತೆಗೆಯಲಿಲ್ಲ. ಅವನ ಬಗ್ಗೆ ಕಂಡದ್ದೊಂದನ್ನು ಅವಳು ತನ್ನಲ್ಲೇ ಇಟ್ಟುಕೊಂಡದ್ದು ಅದೇ ಮೊದಲು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ವಿರೂಪಾಕ್ಷಪ್ಪ ಮಾತಿಗಾಗಿ ಕಾಯುತ್ತ ಕೂತಿದ್ದ. ಮಾತು ಬಾರದ್ದು ಕಂಡು ಅಂದು ಒಂದು ತುತ್ತೂ ಉಣ್ಣದೆ ಎದ್ದ.

ಸುಗ್ಗಿ ಮುಗಿಯಿತು. ತಾಲೀಮಿನ ಮೊದಲ ದಿನ ದಾದೇಸಾಬ ಮಾಸ್ತರರು ಎದೆಕಟ್ಟನ್ನು ಬಟ್ಟೆಯ ಗಂಟಿನಿಂದ ಬಿಚ್ಚಿ ವಿರೂಪಾಕ್ಷಪ್ಪನ ಎದೆಗೆ ಹಿಡಿದರು. ಪಟ್ಟಿಯ ಎರಡು ತುದಿ ಬೆನ್ನಿನಲ್ಲಿ ಕೂಡಿ ಮೇಲೆ ಎರಡು ಬೆರಳು ಉಳಿದವು. ಮಾಸ್ತರರು ಬೆನ್ನು ತಟ್ಟಿ, "ರಾಜ ತಿರುಗಿ ಬಂದ" ಎಂದರು. ವಿರೂಪಾಕ್ಷಪ್ಪ ಅದನ್ನು ಬಿಚ್ಚದೆ, ಕಟ್ಟಿಕೊಂಡೇ ಹಾಡುಹಗಲು ಊರ ನಡುವೆ ನಡೆದು ಮನೆಗೆ ಬಂದ.

ಕಳಕಮ್ಮ ಒಲೆಯ ಮುಂದೆ ಇದ್ದಳು. ಬಾಗಿಲಲ್ಲಿ ಕನ್ನಡಿಗಳು ಮಿಂಚಿದ್ದು ಕಂಡು ಎದ್ದು ನಿಂತಳು. ತವರೂರಿನ ಆ ರಾಜನೇ. ಇಷ್ಟು ದಿನ ಬಾಯಿ ನೋಯಿಸಿಕೊಂಡದ್ದು ಸಾರ್ಥಕವಾಯಿತು ಎಂದು ಅವಳ ಕಣ್ಣು ತುಂಬಿತು. ಅವನು ಮಾತ್ರ ನಗಲಿಲ್ಲ.

"ನೋಡು. ಪೂರಾ ನೋಡು. ಈಗ ಹೇಳು, ಯಾರು ಛಲೋ ಕಾಣ್ತಾರ? ನಾನೋ, ಅಂವನೋ?"

ನೀವು ಎನ್ನುವುದು ಎಷ್ಟು ಹೊತ್ತಿನ ಮಾತು! ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಬಂದದ್ದು ಎತ್ತಿನ ಬಾಸುಂಡೆ, ಅದರ ಮೇಲಿನ ಅರಿಸಿನದ ಕೈ. "ನೀವ" ಎಂದಳು. ಒಂದು ಉಸಿರಿನಷ್ಟು ತಡವಾಗಿತ್ತು. ತಿಂಗಳುಗಟ್ಟಲೆ ಆ ಬಾಯಿಯನ್ನೇ ನೋಡಿದವನಿಗೆ ಅಷ್ಟು ತಡ ಸಾಕಾಯಿತು.

"ತಿಳೀತು ಬಿಡು" ಎಂದ.

ಅವಳು ಎಲ್ಲ ಹೇಳಿಬಿಟ್ಟಳು. ವೈದ್ಯರು ಹೊಟ್ಟೆಕಿಚ್ಚು ಹೆಚ್ಚಾಗಬೇಕು ಎಂದದ್ದು, ಪುಡಿ ತಿಪ್ಪೆಗೆ ಹೋದದ್ದು, ಆಮೇಲೆ ತಾನು ಮಾಡಿದ್ದು. ಅವನು ನಂಬಲಿಲ್ಲ. ಅಂದೇ ಚಕ್ಕಡಿ ಹೂಡಿ, ಅವಳನ್ನು ಕೂರಿಸಿಕೊಂಡು ಯಲಬುರ್ಗಿಗೆ ಹೊಡೆದ. ಓಬಳೆಪ್ಪ ವೈದ್ಯರು ಕೇಳಿ ಮೊದಲು ಬಾಯಿ ತೆರೆದರು, ಆಮೇಲೆ ಪಕ್ಕೆ ಹಿಡಿದುಕೊಂಡು ನಕ್ಕರು.

"ಅಯ್ಯ ತಂಗಿ, ನಾ ಹೇಳಿದ್ದು ಅನ್ನ ಅರಗಸೂ ಕಿಚ್ಚು. ಜಠರಾಗ್ನಿ. ಅದನ್ನ ನೀ ಈ ಹೊಟ್ಟಿಕಿಚ್ಚು ಮಾಡಿದ್ಯಾ? ಮಾಡಿದ್ರೇನಾತು, ಮೈ ಅಂತೂ ಕರಗೈತಿ."

ಕಳಕಮ್ಮನೂ ನಕ್ಕಳು. ಗಂಡ ನಕ್ಕರೆ ಇಲ್ಲಿಗೆ ಎಲ್ಲ ಮುಗಿಯಿತು ಎಂದು ಅವನ ಮುಖ ನೋಡಿದಳು. ಅಲ್ಲಿ ನಗೆಯ ಸುಳಿವೇ ಇರಲಿಲ್ಲ.

ತಿರುಗಿ ಬರುವಾಗ ಅವನು ಎತ್ತುಗಳ ಬೆನ್ನು ನೋಡುತ್ತ ಕೇಳಿದ. "ಮದ್ದಂತ ಹೇಳಿದ್ದಿ. ಒಪ್ಪಿದ್ನಿ. ಹೇಳಿದ್ದು ಅಷ್ಟೂ ಸುಳ್ಳೇನು?"

"ನಿಮ್ಮ ಸಲುವಾಗಿ ಹೇಳಿದ್ನಿರಿ."

"ಅದನ್ನ ಕೇಳಿಲ್ಲ. ಮಣಿಕಟ್ಟಿನ ಮ್ಯಾಲ ಗಾಯ ಐತಿ ಅಂದಿದ್ದಿ. ಐತೋ ಇಲ್ಲೋ?"

"ಐತ್ರಿ."

"ಅಂವನ ಮಾತು ಎತ್ತದ ದಿನ ಒಂದಿತ್ತು. ಅವತ್ತ ಏನ ನೋಡಿದ್ದಿ?"

ಎತ್ತಿನ ಮಾತು ಹೇಳಿದರೆ ಅವನು ಹೊಡೆದದ್ದನ್ನೂ ಹೇಳಬೇಕು, ಅಂದಪ್ಪ ಪಾರ್ಟು ಬೇಡವೆಂದದ್ದನ್ನೂ, ತಾನು ಅದನ್ನು ಬಚ್ಚಿಟ್ಟದ್ದನ್ನೂ. ಇಷ್ಟನ್ನು ಒಂದಕ್ಕೊಂದು ಜೋಡಿಸಿ ಹೇಳುವ ನಾಲಿಗೆ ಅವಳಿಗೆ ಆಗ ಇರಲಿಲ್ಲ. ಹೊಗಳುವುದಕ್ಕೆಂದು ಹೋಗಿ ಹೋಗಿ ನೋಡಿದ್ದಳು, ನೋಡಿದ್ದು ಕಣ್ಣಿನಲ್ಲಿ ಉಳಿದುಬಿಟ್ಟಿತ್ತು. ಇದು ತಪ್ಪೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ. ಚಕ್ಕಡಿ ಊರಬಾಯಿಗೆ ಬಂದಾಗ ವಿರೂಪಾಕ್ಷಪ್ಪ ಇಳಿದು, ಇನ್ನೂ ಎದೆಯ ಮೇಲೆಯೇ ಇದ್ದ ಎದೆಕಟ್ಟನ್ನು ಬಿಚ್ಚಿ, ಅಂದಪ್ಪನ ಮನೆಯ ಕಟ್ಟೆಯ ಮೇಲೆ ಎಸೆದ. ಎರಡು ಕನ್ನಡಿ ಉದುರಿದವು.

"ಕಟ್ಟಿಗೊ. ಇನ್ನೇನೇನು ಬೇಕೋ ಅದನ್ನೂ ತಗೊ" ಎಂದು ಬಾಗಿಲಿಗೆ ಕೇಳುವಂತೆ ಕೂಗಿ, ಎತ್ತುಗಳಿಗೆ ಎರಡೇಟು ಬಿಗಿದ.

ಅಂದಪ್ಪ ಆ ಎದೆಕಟ್ಟನ್ನು ಮುಟ್ಟಲಿಲ್ಲ. ದಾದೇಸಾಬ ಮಾಸ್ತರರೇ ಬಂದು ಎತ್ತಿಕೊಂಡು ಹೋದರು. ಆ ವರ್ಷ ಬೇವೂರಿನಲ್ಲಿ ಆಟವೇ ಆಗಲಿಲ್ಲ. ಯಾಕೆಂದು ಊರು ಎರಡು ದಿನದಲ್ಲಿ ಕಂಡುಹಿಡಿಯಿತು, ಆಮೇಲೆ ಬಾವಿಯ ಹತ್ತಿರ ಕಳಕಮ್ಮನಿಗೆ ಯಾರೂ ಕೊಡ ಎತ್ತಿ ಕೊಡಲಿಲ್ಲ.

ಮನೆಯಲ್ಲಿ ವಿರೂಪಾಕ್ಷಪ್ಪ ಉಣ್ಣತೊಡಗಿದ. ಹಸಿದವನಂತೆ ಅಲ್ಲ, ಹಗೆ ತೀರಿಸುವವನಂತೆ. ರೊಟ್ಟಿ ಮುರಿದು ಮುರಿದು ಬಾಯಿಗೆ ತುರುಕುತ್ತ, ಅವಳನ್ನೇ ನೋಡುತ್ತ, ಮುಗಿದಾಗ "ಬಡಿ" ಎನ್ನುತ್ತಿದ್ದ. ಕಳಕಮ್ಮ ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ಬೆಣ್ಣೆ ಹಾಕಿದಳು, ತುಪ್ಪ ಸುರಿದಳು, ಎಣ್ಣೆಗಡುಬು ಕರಿದಳು. ಉಣ್ಣಲಿ, ಊದಲಿ, ಮೊದಲಿನಂತೆ ಗೊರಕೆ ಹೊಡೆಯುತ್ತ ಪಡಸಾಲೆ ತುಂಬ ಬಿದ್ದುಕೊಳ್ಳಲಿ. ಅವಳಿಗೆ ಈಗ ರಾಜ ಬೇಕಾಗಿರಲಿಲ್ಲ, ಆ ಗೊರಕೆ ಬೇಕಾಗಿತ್ತು. ಆದರೆ ಇಬ್ಬರ ಊಟ ಒಬ್ಬನೇ ಉಂಡರೂ ಅವನ ಮೈಗೆ ಒಂದು ಬೆರಳಷ್ಟು ಮಾಂಸ ಹತ್ತಲಿಲ್ಲ. ಕಣ್ಣು ಒಳಗೆ ಹೋದವು, ಕೊರಳ ನರ ಎದ್ದವು. ಮಲಗಿದರೆ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದ.

ಮುಂಗಾರು ಬರುವ ಹೊತ್ತಿಗೆ ಕಳಕಮ್ಮ ಯಲಬುರ್ಗಿಯ ಕಡೆ ಹೊರಟ ಚಕ್ಕಡಿಯೊಂದನ್ನು ಹತ್ತಿ ಒಬ್ಬಳೇ ವೈದ್ಯರ ಮುಂದೆ ಹೋಗಿ ನಿಂತಳು. ಈ ಸಲ ಬಾಗಿಲಾಚೆ ನಿಲ್ಲಲಿಲ್ಲ.

"ಕಿಚ್ಚು ಕಡಿಮಿ ಆಗೂ ಮದ್ದು ಕೊಡ್ರಿ. ತಿಂದದ್ದೆಲ್ಲ ಉರದು ಹೊಂಟೈತಿ."

ವೈದ್ಯರು ಈ ಸಲ ಹುಷಾರಾಗಿದ್ದರು. "ಯಾವ ಕಿಚ್ಚು ತಂಗಿ? ಸರಿಯಾಗಿ ಹೇಳು."

"ಎರಡೂ ಒಂದ ಆಗ್ಯಾವ್ರಿ" ಎಂದಳು.

ವೈದ್ಯರು ಅವಳ ಮುಖ ನೋಡಿದರು. ನಗಲಿಲ್ಲ. ಹಾಲು ಕುಡಿಸು, ಉದ್ದು ತಿನ್ನಿಸು ಎಂದು ಏನೇನೋ ಹೇಳಿ ಬರೀಗೈಯಲ್ಲೇ ಕಳಿಸಿದರು.

ಮನೆ ಮುಟ್ಟಿದಾಗ ಸಂಜೆ. ವಿರೂಪಾಕ್ಷಪ್ಪ ಒಲೆಯ ಮುಂದೆ ಖಾಲಿ ತಟ್ಟೆ ಇಟ್ಟುಕೊಂಡು ಕೂತಿದ್ದ.

"ಎಲ್ಲಿ ಹೋಗಿದ್ದಿ?"

"ಯಲಬುರ್ಗಿಗೆ. ವೈದ್ಯರ ಕಡೆ."

"ಅಂವನ ಮನಿ ಮುಂದ ಹಾದು ಬಂದಿಯೇನು?"

ಯಲಬುರ್ಗಿಯಿಂದ ಊರಿಗೆ ಬರುವ ದಾರಿ ಅದೊಂದೇ. ಅದು ಅವನಿಗೂ ಗೊತ್ತಿತ್ತು. ಕಳಕಮ್ಮ ಹಿಟ್ಟು ನಾದಲು ಕೂತಳು.

"ಬಡಿ" ಎಂದ ವಿರೂಪಾಕ್ಷಪ್ಪ, ತಟ್ಟೆಯನ್ನು ಅವಳ ಕಡೆಗೆ ನೂಕಿ.